ಕೂಸಿನ ಫಿಟ್ಸಿಗೆ ತಾಯಿಗೇಕೆ ಶಿಕ್ಷೆ? ಈ ಅಡುಗೆಮನೆ ಪಂಚಾಯ್ತಿ ಸಾಕು!



ಆರು ತಿಂಗಳ ಕೂಸಿಗೆ ಫಿಟ್ಸ್ ಬಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಒಬ್ಬರು ಆಟೋ ಹಿಡಿಯಲು ಓಡುತ್ತಾರೆ. ಉಳಿದವರು ಪಂಚಾಯ್ತಿ ಕೂರಿಸುತ್ತಾರೆ. "ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಿದ್ದೆಯಾ?" "ನಿನ್ನ ತವರಿನ ಕಡೆ ಯಾರಿಗಾದರೂ ಈ ಕಾಯಿಲೆ ಇತ್ತಾ?" "ಬಾಣಂತನದಲ್ಲಿ ಪಥ್ಯ ಬಿಟ್ಟೆಯಾ?" ಕೇಳುವವರು ಹತ್ತು ಜನ. ಕಟಕಟೆಯಲ್ಲಿ ನಿಲ್ಲುವವಳು ಒಬ್ಬಳೇ, ಹಾಲೂಡಿಸುವ ತಾಯಿ. ವಿಚಾರಣೆಗೆ ಮೊದಲೇ ತೀರ್ಪು ಬರೆದಿಟ್ಟಾಗಿದೆ!

ಇದೆಲ್ಲ ಹಳ್ಳಿಯ ಮಾತು ಎಂದು ಮೂಗು ಮುರಿಯಬೇಡಿ. ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲೂ ಇದೇ ಪಂಚಾಯ್ತಿ. ಪಿಯುಸಿಯಲ್ಲಿ ಬಯಾಲಜಿ ಓದಿ ನೂರಕ್ಕೆ ತೊಂಬತ್ತು ತೆಗೆದ ಗಂಡ, ಅಮ್ಮನ ಎದುರು ಬಾಯಿ ಬಿಡದೆ ಮೊಬೈಲ್ ನೋಡುತ್ತಾ ಕೂರುತ್ತಾನೆ. ಆ ಗಂಡ ನಾಳೆ ನೀವೇ ಆಗಬಹುದು. ಆ ಹೆಂಡತಿಯೂ ನೀವೇ ಆಗಬಹುದು. ಅದಕ್ಕೇ ಈ ಮಾತನ್ನು ನಿಮಗೆ ಹೇಳುತ್ತಿರುವುದು.

ನಮ್ಮ ವಾದ ಒಂದೇ. ಕೂಸಿನ ತೀವ್ರ ಮೂರ್ಛೆರೋಗಕ್ಕೆ ಕಾರಣ ಯಾರು ಎಂದು ಕೇಳುವುದನ್ನು ಬಿಡಿ, ಕಾರಣ ಏನು ಎಂದು ಕೇಳಿ. "ಯಾರು" ಎಂದು ಕೇಳಿದರೆ ಒಂದು ಹೆಣ್ಣಿನ ಕಣ್ಣೀರು ಸಿಗುತ್ತದೆ. "ಏನು" ಎಂದು ಕೇಳಿದರೆ ಸರಿಯಾದ ಔಷಧಿ ಸಿಗಬಹುದು.

ಶಾಪವಲ್ಲ, ಒಂದು ಅಕ್ಷರದ ತಪ್ಪು

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡೋಣ. ಎಲ್ಲ ಕೂಸುಗಳ ಫಿಟ್ಸಿಗೂ ಜೀನ್ ಕಾರಣವಲ್ಲ. ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟಿದರೆ, ಮೆದುಳಿಗೆ ಸೋಂಕು ತಗುಲಿದರೆ, ರಕ್ತದಲ್ಲಿ ಸಕ್ಕರೆ ಇಳಿದರೆ ಕೂಡ ಬರುತ್ತದೆ. ಜ್ವರದಲ್ಲಿ ಒಮ್ಮೆ ಬಂದು, ಬೆಳೆಯುತ್ತಾ ತಾನಾಗಿ ಹೋಗುವ ಫಿಟ್ಸೂ ಉಂಟು. ಆದರೆ ಹುಟ್ಟಿದ ಮೊದಲ ವರ್ಷದಲ್ಲೇ ಶುರುವಾಗಿ, ಔಷಧಿಗೆ ಬಗ್ಗದೆ, ಮಗುವಿನ ಮಾತು-ನಡಿಗೆಯನ್ನೇ ಹಿಂದಕ್ಕೆಳೆಯುವ ತೀವ್ರ ಮೂರ್ಛೆರೋಗದ ಹಿಂದೆ ಅನೇಕ ಬಾರಿ ವಂಶವಾಹಿಯ, ಅಂದರೆ ಜೀನಿನ ದೋಷ ಇರುತ್ತದೆ. ಇಂಥ ಜೀನುಗಳು ಈಗಾಗಲೇ ನೂರಾರು ಪತ್ತೆಯಾಗಿವೆ.

ಒಂದನ್ನು ಹಿಡಿದು ನೋಡೋಣ. 1978ರಲ್ಲಿ ಫ್ರಾನ್ಸಿನ ಶಾರ್ಲೊಟ್ ಡ್ರಾವೆ ಎಂಬ ವೈದ್ಯೆ ಒಂದು ಬಗೆಯ ಮಕ್ಕಳನ್ನು ಬೇರೆಯಾಗಿ ಗುರುತಿಸಿದರು. ಆಡಿಕೊಂಡಿದ್ದ ಕೂಸು, ಐದರಿಂದ ಎಂಟು ತಿಂಗಳ ಆಸುಪಾಸಿನಲ್ಲಿ ಜ್ವರದ ಜೊತೆ ಮೊದಲ ಫಿಟ್ಸ್. ಎಷ್ಟೋ ಸಲ ಮೈಯ ಒಂದೇ ಕಡೆ ಅದುರುತ್ತದೆ. ಬೇಗ ನಿಲ್ಲುವುದೂ ಇಲ್ಲ. ಎರಡನೆಯ ವರ್ಷದ ಹೊತ್ತಿಗೆ ಬೇರೆ ಬೇರೆ ಬಗೆಯ ಫಿಟ್ಸ್ ಸೇರಿಕೊಳ್ಳುತ್ತವೆ, ಮಗುವಿನ ಕಲಿಕೆ ನಿಧಾನವಾಗುತ್ತದೆ. ಇದಕ್ಕೆ ಇಂದು ಡ್ರಾವೆ ಸಿಂಡ್ರೋಮ್ ಎಂದು ಹೆಸರು. ಸುಮಾರು ಹದಿನೈದು-ಇಪ್ಪತ್ತು ಸಾವಿರ ಹೆರಿಗೆಗೆ ಒಂದು ಕೂಸಿಗೆ ಬರುವ ಕಾಯಿಲೆ. ಅಪರೂಪದ್ದು, ನಿಜ. ನಮ್ಮಂಥ ಜನಸಂಖ್ಯೆಯ ನಾಡಿನಲ್ಲಿ ಅಪರೂಪ ಅಂದರೂ ಮನೆಗಳ ಲೆಕ್ಕ ಸಣ್ಣದಲ್ಲ.

ಕಾರಣ ತಿಳಿದದ್ದು 2001ರಲ್ಲಿ. ಬೆಲ್ಜಿಯಂನ ಸಂಶೋಧಕರು ಇಂಥ ಏಳು ಮಕ್ಕಳನ್ನು ಪರೀಕ್ಷಿಸಿದರು. ಏಳಕ್ಕೆ ಏಳೂ ಮಕ್ಕಳಲ್ಲಿ ಎರಡನೆಯ ವರ್ಣತಂತುವಿನ ಮೇಲಿರುವ ಎಸ್‌ಸಿಎನ್1ಎ ಎಂಬ ಜೀನಿನಲ್ಲಿ ತಪ್ಪು ಸಿಕ್ಕಿತು. ಅವರ ತಂದೆತಾಯಿಯನ್ನು ಪರೀಕ್ಷಿಸಿದರೆ ಅವರಲ್ಲಿ ಆ ತಪ್ಪೇ ಇಲ್ಲ! ಅಂದರೆ ಅದು ಹೊಸದಾಗಿ ಹುಟ್ಟಿದ ತಪ್ಪು. ನಕಲು ಮಾಡುವ ಗುಮಾಸ್ತ ಸಾವಿರ ಪುಟ ಸರಿಯಾಗಿ ಬರೆದು ಒಂದು ಅಕ್ಷರ ಜಾರಿದಂತೆ. ನಾವೆಲ್ಲರೂ ಇಂಥ ಹತ್ತಾರು ಹೊಸ ಅಕ್ಷರದೋಷ ಹೊತ್ತೇ ಹುಟ್ಟಿದವರು. ನಮ್ಮವು ಬಿದ್ದ ಜಾಗದಲ್ಲಿ ತೊಂದರೆ ಆಗಲಿಲ್ಲ, ಆ ಕೂಸಿನದು ಬೀಳಬಾರದ ಜಾಗದಲ್ಲಿ ಬಿತ್ತು. ಅಷ್ಟೇ ವ್ಯತ್ಯಾಸ.

ಈಗ ತವರಿನ ಕುಲಗೋತ್ರ ಜಾಲಾಡುವವರು ಇನ್ನೊಂದು ಮಾತು ಕೇಳಿಸಿಕೊಳ್ಳಲಿ. ಎಸ್‌ಸಿಎನ್1ಎಯ ಹೊಸ ತಪ್ಪುಗಳು ಯಾರ ಕಡೆಯಿಂದ ಬಂದವು ಎಂದು ಹುಡುಕಿದಾಗ, ಹೆಚ್ಚಿನವು ತಂದೆಯ ಕಡೆಯ ಪ್ರತಿಯಲ್ಲಿ ಸಿಕ್ಕವು. ಗಂಡಸಿನ ಮೈಯಲ್ಲಿ ವೀರ್ಯಾಣುಗಳು ಜೀವನಪೂರ್ತಿ ನಕಲಾಗುತ್ತಲೇ ಇರುತ್ತವೆ. ನಕಲು ಹೆಚ್ಚಾದಷ್ಟೂ ತಪ್ಪಿಗೆ ಅವಕಾಶ ಹೆಚ್ಚು. ಹಾಗಾದರೆ ಇನ್ನು ಮೇಲೆ ಅಪ್ಪನನ್ನು ಕಟಕಟೆಗೆ ಏರಿಸೋಣವೇ? ಬೇಡ. ಅವನೂ ಬೇಕೆಂದು ಮಾಡಿದ್ದಲ್ಲ. ಆದರೆ ತಲೆಮಾರುಗಳಿಂದ ತಾಯಿಯ ಕಡೆ ಚಾಚಿದ ಆ ಬೆರಳು ನಾಚಿಕೆಯಿಂದ ಮಡಚಿಕೊಳ್ಳಲಿ!

ಲಸಿಕೆಯ ಮೇಲೆ ಗೂಬೆ

ತಾಯಿ ಸಿಗದಿದ್ದರೆ ಮುಂದಿನ ಆರೋಪಿ ಲಸಿಕೆ. "ಇಂಜೆಕ್ಷನ್ ಹಾಕಿಸಿದ ರಾತ್ರಿಯೇ ಬಂತು, ಇನ್ನೇನು ಸಾಕ್ಷಿ ಬೇಕು?" ಎನ್ನುತ್ತಾರೆ. ಇದನ್ನು ನಂಬಿ ಪಾಠ ಕಲಿತ ದೇಶ ಒಂದಿದೆ, ಬ್ರಿಟನ್. 1974ರಲ್ಲಿ ಲಂಡನ್ನಿನ ವೈದ್ಯರು ನಾಯಿಕೆಮ್ಮಿನ ಲಸಿಕೆಯ ನಂತರ ಮೆದುಳಿನ ತೊಂದರೆ ಬಂದಿತೆಂದು 36 ಮಕ್ಕಳ ಬಗ್ಗೆ ಬರೆದರು. ಪತ್ರಿಕೆ, ಟಿವಿ ಎಲ್ಲ ಎದ್ದು ಕುಣಿದವು. ನೂರಕ್ಕೆ ಎಂಬತ್ತರ ಆಸುಪಾಸಿನಲ್ಲಿದ್ದ ಲಸಿಕೆ ಕೆಲವೇ ವರ್ಷಗಳಲ್ಲಿ ಮೂವತ್ತರ ಆಸುಪಾಸಿಗೆ ಕುಸಿಯಿತು. ನಾಯಿಕೆಮ್ಮು ಮರಳಿ ಬಂತು, ಕೂಸುಗಳು ಸತ್ತವು.

ಸತ್ಯ ಹೊರಬರಲು ಮೂರು ದಶಕ ಬೇಕಾಯಿತು. 2006ರಲ್ಲಿ ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ಬೆರ್ಕೊವಿಕ್ ಮತ್ತು ಜೊತೆಗಾರರು, ಲಸಿಕೆಯಿಂದ ಮೆದುಳು ಹಾಳಾಯಿತು ಎನ್ನಲಾದ 14 ಜನರ ಜೀನ್ ಪರೀಕ್ಷಿಸಿದರು. ಹದಿನಾಲ್ಕರಲ್ಲಿ ಹನ್ನೊಂದು ಜನರಲ್ಲಿ ಅದೇ ಎಸ್‌ಸಿಎನ್1ಎ ದೋಷ! ಲಸಿಕೆಯ ನಂತರದ ಜ್ವರ ಮೊದಲ ಫಿಟ್ಸನ್ನು ಸ್ವಲ್ಪ ಬೇಗ ಹೊರಗೆ ತರಬಹುದು, ಅಷ್ಟೇ. ಇವತ್ತು ಆ ಜ್ವರ ಬರದಿದ್ದರೆ ನಾಳೆ ನೆಗಡಿಯ ಜ್ವರ ಬರುತ್ತಿತ್ತು. ಕಡ್ಡಿ ಗೀರಿದ್ದು ಜ್ವರ. ಮದ್ದು ತುಂಬಿಟ್ಟದ್ದು ಹುಟ್ಟಿನಲ್ಲೇ. ಲಸಿಕೆ ಬಿಟ್ಟರೆ ಫಿಟ್ಸೂ ತಪ್ಪುವುದಿಲ್ಲ, ದಡಾರ-ನಾಯಿಕೆಮ್ಮಿಗೂ ಬಾಗಿಲು ತೆರೆದಂತೆ.

ಬಿಸಿನೀರಿನ ಮಾತೂ ಇಲ್ಲೇ ಹೇಳಬೇಕು. ಡ್ರಾವೆ ಇರುವ ಕೂಸಿಗೆ ಮೈ ಬಿಸಿಯಾದರೆ ಸಾಕು, ಫಿಟ್ಸ್ ಬರಬಹುದು. ಸುಡುಸುಡು ನೀರಿನಲ್ಲಿ ಕೂಸನ್ನು ಎರೆಯುವುದು ನಮ್ಮ ಪದ್ಧತಿ. ಸ್ನಾನದಲ್ಲೇ ಕೂಸು ಅದುರಿದರೆ "ಬಚ್ಚಲಲ್ಲಿ ಗಾಳಿ ಸೋಕಿತು" ಎನ್ನುವ ನಾಡಿದು. ತಮಾಷೆ ನೋಡಿ! ದೊಡ್ಡ ಮಕ್ಕಳಲ್ಲಿ, ದೊಡ್ಡವರಲ್ಲಿ ಬರುವ ಬಿಸಿನೀರಿನ ಮೂರ್ಛೆ ಎಂಬ ಇನ್ನೊಂದು ಬಗೆಯ ಕಾಯಿಲೆ ಇದೆ. ದಕ್ಷಿಣ ಕರ್ನಾಟಕ ಅದಕ್ಕೆ ಜಗತ್ತಿನಲ್ಲೇ ಹೆಸರುವಾಸಿ. ನಿಮ್ಹಾನ್ಸ್ ವೈದ್ಯರೂ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಸೇರಿ ಅದಕ್ಕೆ ಸಂಬಂಧಿಸಿದ ಒಂದು ಜಾಗವನ್ನು ಹತ್ತನೆಯ ವರ್ಣತಂತುವಿನಲ್ಲಿ ಗುರುತಿಸಿ 2009ರಲ್ಲಿ ಪ್ರಕಟಿಸಿದರು. ವಿಷಯ ಜಕ್ಕೂರಿನಿಂದ ಜಗತ್ತಿನ ಪತ್ರಿಕೆಗಳಿಗೆ ಹೋಯಿತು. ನಮ್ಮ ಬಚ್ಚಲುಮನೆಗೆ ಮಾತ್ರ ಇನ್ನೂ ಬಂದಿಲ್ಲ!

ಎಲ್ಲ ಫಿಟ್ಸಿಗೂ ಒಂದೇ ಮಾತ್ರೆಯೇ?

"ಜೀನ್ ದೋಷ ಅಂತ ಗೊತ್ತಾದರೆ ಏನು ಪ್ರಯೋಜನ? ಅದನ್ನೇನು ತಿದ್ದೋಕಾಗುತ್ತಾ?" ಎಂದು ಕೇಳುವ ಬುದ್ಧಿವಂತರಿದ್ದಾರೆ. ಅವರಿಗೆ ಇಲ್ಲಿದೆ ಉತ್ತರ.

ನಮ್ಮ ಮೆದುಳಿನಲ್ಲಿ ಓಡಿಸುವ ಜೀವಕೋಶಗಳಿವೆ, ತಡೆಯುವ ಜೀವಕೋಶಗಳಿವೆ. ಹೋರಿ ಮತ್ತು ಮೂಗುದಾರ ಇದ್ದಂತೆ. ಎಸ್‌ಸಿಎನ್1ಎ ಜೀನು ಸೋಡಿಯಂ ಒಳಗೆ ಬರುವ ಪುಟ್ಟ ಬಾಗಿಲುಗಳನ್ನು ತಯಾರಿಸುತ್ತದೆ. ಆ ಬಾಗಿಲುಗಳ ಮೇಲೆ ಹೆಚ್ಚು ಅವಲಂಬಿಸಿರುವುದು ತಡೆಯುವ ಜೀವಕೋಶಗಳೇ. ಜೀನ್ ಕೆಟ್ಟರೆ ಬಾಗಿಲು ಕಡಿಮೆ, ಬಾಗಿಲು ಕಡಿಮೆಯಾದರೆ ಮೂಗುದಾರ ಸಡಿಲ. ಹೋರಿ ಹುಚ್ಚೆದ್ದು ಓಡುತ್ತದೆ. ಅದೇ ಫಿಟ್ಸ್.

ಈಗ ಕಾರ್ಬಮಜೆಪಿನ್, ಫೆನಿಟಾಯಿನ್ ಎಂಬ ಹಳೆಯ ಔಷಧಿಗಳನ್ನು ನೋಡಿ. ಅವು ಕೆಲಸ ಮಾಡುವುದೇ ಸೋಡಿಯಂ ಬಾಗಿಲು ಮುಚ್ಚುವುದರ ಮೂಲಕ. ಸಾವಿರಾರು ರೋಗಿಗಳಿಗೆ ಅವು ವರದಾನ. ಆದರೆ ಡ್ರಾವೆ ಇರುವ ಮಗುವಿಗೆ ಅದನ್ನೇ ದಿನವೂ ಕೊಟ್ಟರೆ? ಸವೆದ ಮೂಗುದಾರವನ್ನೇ ಕತ್ತರಿಸಿದಂತೆ! ಫಿಟ್ಸ್ ಹೆಚ್ಚಾಗುತ್ತದೆ. ಲ್ಯಾಮೊಟ್ರಿಜಿನ್ ಕೂಡ ಹಾಗೆಯೇ. ಈ ಮಕ್ಕಳಿಗೆ ವಾಲ್ಪ್ರೋಯೇಟ್, ಕ್ಲೋಬಜಾಮ್ ಮೊದಲು. ಈಚಿನ ವರ್ಷಗಳಲ್ಲಿ ಸ್ಟಿರಿಪೆಂಟಾಲ್, ಫೆನ್‌ಫ್ಲುರಮಿನ್‌ನಂಥ ಔಷಧಿಗಳೂ ಬಂದಿವೆ.

ಈಗ ಇನ್ನೊಂದು ಕೂಸು. ಹುಟ್ಟಿದ ಮೊದಲ ವಾರದಲ್ಲೇ ಮೈ ಸೆಟೆದುಕೊಳ್ಳುವ ಫಿಟ್ಸ್. ಜೀನ್ ಪರೀಕ್ಷೆಯಲ್ಲಿ ಕೆಸಿಎನ್‌ಕ್ಯೂ2 ದೋಷ. ಈ ಕೂಸಿಗೆ ಚೆನ್ನಾಗಿ ಹಿಡಿಯುವ ಔಷಧಿ ಯಾವುದು ಗೊತ್ತೇ? ಅದೇ ಕಾರ್ಬಮಜೆಪಿನ್, ಅದೇ ಫೆನಿಟಾಯಿನ್! ಮೂರನೆಯ ಕೂಸಿಗೆ ಪಿಒಎಲ್‌ಜಿ ಎಂಬ ಜೀನಿನ ದೋಷ ಇದ್ದರೆ, ಡ್ರಾವೆ ಮಗುವಿಗೆ ಆಸರೆಯಾದ ವಾಲ್ಪ್ರೋಯೇಟೇ ಯಕೃತ್ತನ್ನು ಹಾಳುಮಾಡಿ ಜೀವ ತೆಗೆಯಬಹುದು. ಒಬ್ಬನಿಗೆ ಅಮೃತ, ಇನ್ನೊಬ್ಬನಿಗೆ ವಿಷ. ಹೊರಗಿನಿಂದ ನೋಡಿದರೆ ಮೂರೂ ಫಿಟ್ಸೇ. ಹೇಳಿ, ಕಾರಣ ತಿಳಿದರೆ ಪ್ರಯೋಜನ ಇದೆಯೋ ಇಲ್ಲವೋ?

ಇನ್ನೂ ಹೊಟ್ಟೆ ಉರಿಸುವ ಸಂಗತಿ ಕೇಳಿ. ಎಎಲ್‌ಡಿಹೆಚ್7ಎ1 ಎಂಬ ಜೀನ್ ಕೆಟ್ಟರೆ ಕೂಸಿನ ಮೈಯಲ್ಲಿ ಬಿ6 ಜೀವಸತ್ವ ಕೆಲಸಕ್ಕೆ ಬಾರದಂತಾಗುತ್ತದೆ. ಯಾವ ಫಿಟ್ಸ್ ಔಷಧಿಗೂ ಬಗ್ಗದ ಆ ಸೆಳವು, ಬಿ6 ಕೊಟ್ಟರೆ ನಿಲ್ಲುತ್ತದೆ. ಬಿ6 ಅಂದರೆ ಪೈರಿಡಾಕ್ಸಿನ್. ಚಿನ್ನದ ಬೆಲೆಯದಲ್ಲ, ಅಗ್ಗದ ವಿಟಮಿನ್! ಬಿ6ಗೆ ಬಗ್ಗುವ ಫಿಟ್ಸ್ ಇದೆ ಎಂಬುದು ವೈದ್ಯಲೋಕಕ್ಕೆ 1954ರಿಂದಲೇ ಗೊತ್ತು, ಜೀನ್ ಸಿಕ್ಕಿದ್ದು 2006ರಲ್ಲಿ. ಕೊಡುವಾಗ ಕೂಸಿನ ಉಸಿರಾಟ ನಿಲ್ಲುವ ಅಪಾಯ ಇರುವುದರಿಂದ ಇದನ್ನು ಆಸ್ಪತ್ರೆಯಲ್ಲೇ ಪ್ರಯೋಗಿಸಬೇಕು. ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಕುಡಿಸುವಂಥದ್ದಲ್ಲ. ಆದರೆ "ಬಿ6 ಕೊಟ್ಟು ನೋಡಿದ್ದೀರಾ ಡಾಕ್ಟ್ರೇ?" ಎಂದು ಕೇಳುವುದಕ್ಕೆ ಯಾವ ಡಿಗ್ರಿಯೂ ಬೇಡ.

ಎಸ್‌ಎಲ್‌ಸಿ2ಎ1 ಜೀನ್ ಕೆಟ್ಟರೆ ರಕ್ತದ ಸಕ್ಕರೆ ಮೆದುಳಿನೊಳಕ್ಕೆ ಸರಿಯಾಗಿ ಹೋಗುವುದಿಲ್ಲ. 1991ರಲ್ಲಿ ಅಮೆರಿಕದ ಡ್ಯಾರಿಲ್ ಡಿ ವಿವೊ ಇದನ್ನು ಗುರುತಿಸಿದರು. ಬೆನ್ನುಹುರಿಯ ನೀರು ತೆಗೆದು ಸಕ್ಕರೆ ಅಳೆದರೆ ಸುಳಿವು ಸಿಗುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆ ಔಷಧಿಯಲ್ಲ, ಊಟ. ಪಿಷ್ಟ ತೀರ ಕಡಿಮೆ, ಕೊಬ್ಬು ಹೆಚ್ಚು ಇರುವ ಕೀಟೋಜೆನಿಕ್ ಆಹಾರವನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟರೆ ಹಸಿದ ಮೆದುಳಿಗೆ ಬೇರೆ ಇಂಧನ ಸಿಗುತ್ತದೆ. ಕಾಯಿಲೆಯ ಹೆಸರು ತಿಳಿಯುವ ಮೊದಲು ಎಷ್ಟು ಹರಕೆ, ಎಷ್ಟು ತಾಯತ, ಎಷ್ಟು ಬರೆ ಆ ಪುಟ್ಟ ಮೈ ಮೇಲೆ ಬಿದ್ದಿರುತ್ತದೋ!

"ಸುಮ್ಮನೆ ಬೆಚ್ಚಿಬೀಳ್ತಿದೆ" ಎನ್ನುವ ಮೊದಲು

ಎಲ್ಲ ಫಿಟ್ಸೂ ಸಿನಿಮಾದಲ್ಲಿ ತೋರಿಸುವಂತೆ ನೊರೆ ಕಾರಿ ಬರುವುದಿಲ್ಲ. ನಾಲ್ಕಾರು ತಿಂಗಳ ಕೂಸು ನಿದ್ದೆಯಿಂದ ಎದ್ದಾಗ ತಲೆ ಮುಂದಕ್ಕೆ ಬಾಗಿಸಿ ಕೈ ಎರಡೂ ಚಾಚುತ್ತದೆ. ಒಂದು ಕ್ಷಣ, ಬಿಡುತ್ತದೆ. ಮತ್ತೆ ಚಾಚುತ್ತದೆ. ಹೀಗೆ ಸಾಲುಸಾಲಾಗಿ. ಅಜ್ಜಿ "ಹೊಟ್ಟೆನೋವು, ಓಮದ ನೀರು ಕುಡಿಸು" ಎನ್ನುತ್ತಾರೆ. ಅದು ಇನ್‌ಫೆಂಟೈಲ್ ಸ್ಪಾಸಂ ಇರಬಹುದು. 1841ರಲ್ಲಿ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ಇಂಗ್ಲೆಂಡಿನ ವೈದ್ಯ ಇದನ್ನು ಮೊದಲು ಬರೆದದ್ದು ತನ್ನ ಸ್ವಂತ ಮಗನನ್ನು ನೋಡಿ. ಇದರ ಕಾರಣಗಳಲ್ಲಿ ಟಿಎಸ್‌ಸಿ1, ಟಿಎಸ್‌ಸಿ2 ಜೀನುಗಳ ದೋಷವೂ ಒಂದು. ಅಂಥ ಕೂಸುಗಳ ಚರ್ಮದ ಮೇಲೆ ಎಷ್ಟೋ ಸಲ ತಿಳಿಬಿಳುಪಿನ ಮಚ್ಚೆಗಳಿರುತ್ತವೆ. ಅವರಿಗೆ ವಿಗಬಾಟ್ರಿನ್ ಎಂಬ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಇಲ್ಲಿ ಕಳೆದ ಪ್ರತಿ ವಾರವೂ ಮಗುವಿನ ಬುದ್ಧಿಯಿಂದ ಕಳೆದ ವಾರ. ಓಮದ ನೀರಿಗೆ ಕಾಯುವ ಹೊತ್ತಲ್ಲ ಇದು!

ಸೋದರಮಾವನ ಸಂಬಂಧ: ಕಹಿ ಮಾತು

ಈಗ ನಮ್ಮ ಮೈಗೇ ಚುಚ್ಚುವ ಮಾತು. ಡ್ರಾವೆಯಂಥ ಕಾಯಿಲೆಗೂ ರಕ್ತಸಂಬಂಧದ ಮದುವೆಗೂ ಸಂಬಂಧವಿಲ್ಲ. ಹೊಸದಾಗಿ ಹುಟ್ಟುವ ತಪ್ಪು ಕುಲ ನೋಡುವುದಿಲ್ಲ. ಆದರೆ ಬಿ6ಗೆ ಬಗ್ಗುವ ಫಿಟ್ಸಿನಂಥ ಕಾಯಿಲೆಗಳ ಕಥೆ ಬೇರೆ. ಅಲ್ಲಿ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದೇ ಪ್ರತಿ ಕೆಟ್ಟವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ಗೊತ್ತೂ ಇರುವುದಿಲ್ಲ.

ಒಂದು ಲೆಕ್ಕ ಹಾಕಿ. ಅಜ್ಜಿಗೆ ಇಂಥ ಒಂದು ಕೆಟ್ಟ ಪ್ರತಿ ಇದೆ ಎಂದುಕೊಳ್ಳಿ. ಅದು ಮಗನಿಗೆ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು. ಮಗಳ ಮೂಲಕ ಮೊಮ್ಮಗಳಿಗೆ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಸೋದರಮಾವ, ಆ ಅಕ್ಕನ ಮಗಳು ಮದುವೆಯಾದರೆ ಹುಟ್ಟುವ ಕೂಸಿಗೆ ಕಾಯಿಲೆ ಬರುವ ಸಾಧ್ಯತೆ 32ರಲ್ಲಿ 1. ಅದೇ ಮಾವ ಸಂಬಂಧವಿಲ್ಲದ ಹುಡುಗಿಯನ್ನು ಮದುವೆಯಾದರೆ? ನೂರಕ್ಕೊಬ್ಬರು ಆ ದೋಷ ಹೊತ್ತಿದ್ದಾರೆ ಎಂದಿಟ್ಟುಕೊಂಡರೂ 800ರಲ್ಲಿ 1. ಒಂದೇ ಬಾವಿಯ ನೀರನ್ನು ಎರಡು ಕೊಡದಲ್ಲಿ ತಂದು ಬೆರೆಸಿದರೆ ಅದೇ ನೀರು ತಾನೆ ಸಿಗುವುದು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ಮದುವೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ರಕ್ತಸಂಬಂಧದ್ದು. ಇಂಥ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಅದೂ ನಿಜ. ಆಗಿಹೋದ ಮದುವೆಯನ್ನು ಯಾರೂ ಹಂಗಿಸಬೇಕಿಲ್ಲ. ಆದರೆ "ಆಸ್ತಿ ಹೊರಗೆ ಹೋಗಬಾರದು" ಎಂದು ಹದಿನೆಂಟು ತುಂಬಿದ ಹುಡುಗಿಯನ್ನು ಸೋದರಮಾವನಿಗೆ ಗಂಟುಹಾಕಿ, ಆಮೇಲೆ ಕೂಸಿಗೆ ಕಾಯಿಲೆ ಬಂದಾಗ ಅದೇ ಹುಡುಗಿಯ "ಕಾಲ್ಗುಣ" ಎನ್ನುವ ಹಿರಿಯರಿಗೆ ಏನು ಹೇಳೋಣ? ಮದುವೆ ನಿಶ್ಚಯಿಸಿದವರು ನೀವು, ಶಿಕ್ಷೆ ಅವಳಿಗೆ. ಇದು ಯಾವ ಊರಿನ ನ್ಯಾಯ?

ವರದಿ ಯಾರ ಭಾಷೆಯಲ್ಲಿ?

ಇಷ್ಟೆಲ್ಲ ತಿಳಿದು ಪರೀಕ್ಷೆ ಮಾಡಿಸಿದರು ಎನ್ನಿ. ಸಾವಿರಗಟ್ಟಲೆ ರೂಪಾಯಿ ಸಾಲ ಮಾಡಿ ಕಟ್ಟಿದರು. ವಾರಗಳ ನಂತರ ವರದಿ ಬರುತ್ತದೆ, ಇಂಗ್ಲಿಷಿನಲ್ಲಿ. "ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್" ಎಂದು ಬರೆದಿರುತ್ತದೆ. ಅದರ ಅರ್ಥ, ಬದಲಾವಣೆ ಒಂದು ಸಿಕ್ಕಿದೆ, ಅದೇ ಕಾಯಿಲೆಗೆ ಕಾರಣ ಎಂದು ಹೇಳಲು ಆಧಾರ ಸಾಲದು ಎಂದು. ಆದರೆ ದಪ್ಪಕ್ಷರ ನೋಡಿದ ಮನೆಯವರಿಗೆ ಅರ್ಥವಾಗುವುದು "ಜೀನ್ ದೋಷ ಸಿಕ್ಕಿತು" ಎಂದೇ! ಯಾರ ಜೀನ್? ತಾಯಿಯದೇ ಇರಬೇಕು! ಮತ್ತೆ ಅದೇ ಪಂಚಾಯ್ತಿ, ಈ ಸಲ ಕೈಯಲ್ಲಿ ಲ್ಯಾಬಿನ ಕಾಗದ ಬೇರೆ. ಏನೂ ಸಿಗದ ವರದಿ ಬಂದರೂ ಕಷ್ಟವೇ. ಪರೀಕ್ಷೆ ಮಾಡಿಸಿದವರಿಗೆಲ್ಲ ಉತ್ತರ ಸಿಗುವುದಿಲ್ಲ ಎಂದು ಮೊದಲೇ ತಿಳಿಸಿ ಹೇಳುವವರು ಬೇಕು.

ಮುಂದಿನ ಮಗುವಿಗೂ ಬರುತ್ತದೆಯೇ ಎಂಬುದು ಪ್ರತಿ ತಾಯಿಯ ಎದೆಯೊಳಗಿನ ಪ್ರಶ್ನೆ. ಹೊಸದಾಗಿ ಹುಟ್ಟಿದ ತಪ್ಪಾದರೆ ಸಾಧ್ಯತೆ ತೀರ ಕಡಿಮೆ. ಆದರೂ ಸೊನ್ನೆ ಅಲ್ಲ, ಏಕೆಂದರೆ ತಂದೆ ಅಥವಾ ತಾಯಿಯ ಕೆಲವೇ ಜೀವಕೋಶಗಳಲ್ಲಿ ಅದು ಅಡಗಿರಬಹುದು. ಎರಡೂ ಕಡೆಯಿಂದ ಬಂದದ್ದಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಎರಡಕ್ಕೂ ಅಜಗಜಾಂತರ. ಈ ವ್ಯತ್ಯಾಸವನ್ನು ತಾಯಿಗೆ ಅವಳ ಭಾಷೆಯಲ್ಲಿ ಹೇಳದೆ, ಸಹಿ ಹಾಕಿಸಿಕೊಂಡು ಕಳುಹಿಸಿದರೆ ಅದು ಚಿಕಿತ್ಸೆಯಲ್ಲ, ಅಂಚೆ ಬಟವಾಡೆ.

ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಜೀನ್ ಕಾಯಿಲೆಗಳಿಗೆಂದೇ ಮಾನವ ತಳಿವಿಜ್ಞಾನ ಕೇಂದ್ರ ಇದೆ. ಬುದ್ಧಿಗೆ ಇಲ್ಲಿ ಬರವಿಲ್ಲ. ಆ ಬುದ್ಧಿ ರಾಯಚೂರಿನ, ಚಾಮರಾಜನಗರದ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ತಲುಪಬೇಕು. ನಾವು ಕೇಳುವುದು ನಾಲ್ಕೇ. ಪ್ರತಿ ಜೀನ್ ವರದಿಯ ಜೊತೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ. ಜಿಲ್ಲಾ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಕೂತು ಮಾತಾಡುವ ಜೆನೆಟಿಕ್ ಸಲಹೆಗಾರರು. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಪರೀಕ್ಷೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಿ6 ಮತ್ತು ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಸ್ಪ್ರೇ. ಇದೇನು ಚಂದ್ರಲೋಕವೇ?

ನಿಮ್ಮ ಕೈಯಲ್ಲಿರುವುದು

ಸರ್ಕಾರ ಎದ್ದೇಳುವವರೆಗೆ ನೀವು ಮಲಗಬೇಡಿ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಕೂಸಿಗೆ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡಬೇಡಿ, ಮೂಗಿಗೆ ಈರುಳ್ಳಿ ಹಿಡಿಯಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅದು ತುರ್ತು, 108ಕ್ಕೆ ಫೋನ್ ಮಾಡಿ. ಪುಟ್ಟ ಕೂಸಿಗೆ ಮೊದಲ ಬಾರಿ ಬಂದರೆ ಎಷ್ಟು ನಿಮಿಷವಾದರೂ ಆಸ್ಪತ್ರೆಗೆ ಒಯ್ಯಿರಿ. ಜೇಬಿನಲ್ಲಿ ಮೊಬೈಲ್ ಇದೆಯಲ್ಲ, ಒಬ್ಬರು ವಿಡಿಯೋ ಮಾಡಿಕೊಳ್ಳಿ. ಹತ್ತು ಮಾತಿಗಿಂತ ಆ ಒಂದು ವಿಡಿಯೋ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಇದನ್ನು ಓದಿ ಯಾವ ಔಷಧಿಯನ್ನೂ ನೀವಾಗಿ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಆದರೆ ವೈದ್ಯರ ಎದುರು ಎದೆ ಕೊಟ್ಟು ಕೇಳಿ: "ಇದಕ್ಕೆ ಕಾರಣ ಏನಿರಬಹುದು? ಜೀನ್ ಪರೀಕ್ಷೆ ಬೇಕೇ? ಈ ಔಷಧಿ ಆ ಕಾರಣಕ್ಕೆ ಹೊಂದುತ್ತದೆಯೇ?"

ಕೊನೆಯದಾಗಿ, ಇದಕ್ಕೆ ದುಡ್ಡೂ ಬೇಡ, ಡಾಕ್ಟರೂ ಬೇಡ. ಮುಂದಿನ ಸಲ ಯಾರಾದರೂ "ಅವಳ ಹೊಟ್ಟೆಯಲ್ಲಿ ಹುಟ್ಟಿದ್ದೇ ತಪ್ಪು" ಎಂದಾಗ ತಲೆ ತಗ್ಗಿಸಿ ಕೂರಬೇಡಿ. ಎದ್ದು ನಿಂತು, ಅಚ್ಚ ಕನ್ನಡದಲ್ಲಿ ಹೇಳಿ: "ಅದು ಅವಳ ತಪ್ಪಲ್ಲ. ಬಾಯಿ ಮುಚ್ಚಿ!" ಹಿರಿಯರಿಗೆ ಎದುರಾಡಿದ ಎಂದು ಬೈಸಿಕೊಂಡರೆ ಬೈಸಿಕೊಳ್ಳಿ. ಆ ಬೈಗುಳ ನಿಮಗೆ ಬೀಳಲಿ, ಆ ತಾಯಿಗೆ ಬೀಳದಿರಲಿ.